ಮಳೆಗಾಲದ ಕೂಸಿಗೆ ಬಟ್ಟೆಯ ಸಿದ್ಧತೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದೇ ದುಸ್ತರ. ಈ ಅವಧಿಯಲ್ಲಿ ನಿಮ್ಮ ಮನೆಯಲ್ಲಿ ಹೆರಿಗೆಯಾಗುವುದಿದ್ದರೆ, ಗರ್ಭಿಣಿಗೆ ಏಳು ತಿಂಗಳು ತುಂಬುವಾಗಲೇ ದಂಪತಿಗಳಿಬ್ಬರೂ ಕೂಸಿನ ಬಟ್ಟೆಯ ಲೆಕ್ಕ ಹಾಕತಕ್ಕದ್ದು.

ಎಳೆಯ ಶಿಶುವಿಗೆ ದಿನವೊಂದಕ್ಕೆ 10-12 ಬಟ್ಟೆಗಳು ಬೇಕಾಗುತ್ತವೆ. ಅವು ಒಣಗಲು ಎರಡು ದಿನ ಹಿಡಿಯುವುದಾದರೆ 36ಕ್ಕೆ ಕಡಿಮೆಯಿರಬಾರದು. ಇದಕ್ಕಾಗಿ ಹಣ ವೆಚ್ಚ ಮಾಡಬೇಕಾಗಿಲ್ಲ. ಹಳೆಯ ಹತ್ತಿಯ ಪಂಚೆ, ಸೀರೆಗಳು ಹೊಸ ಬಟ್ಟೆಗಿಂತಲೂ ಮೃದು. ನೀರನ್ನೂ ಚೆನ್ನಾಗಿ ಹೀರುತ್ತವೆ.

ಆದರೆ ಆ ಸೀರೆ ಪೆಟ್ಟಿಗೆಯಲ್ಲಿ ನುಸಿಗುಳಿಗೆಯೊಡನೆ ಇದ್ದುದೇ ಎಂಬುದನ್ನು ಮೊದಲು ವಿಚಾರಿಸಿರಿ. ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಬಟ್ಟೆಗೆ ಅಂಟಿಕೊಂಡು, ಚರ್ಮ ಹಾಗೂ ಉಸಿರಿನ ಮೂಲಕ ಶಿಶುವಿನ ದೇಹವನ್ನು ಸೇರುತ್ತದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ಉಂಟುಮಾಡಬಲ್ಲದು, ಮಿದುಳಿಗೂ ಹಾನಿಯಾದೀತು. ಈ ಕೊರತೆ ಹೊರನೋಟಕ್ಕೆ ತಿಳಿಯದು. ಆದುದರಿಂದ ಅಂತಹ ಬಟ್ಟೆಯನ್ನು ಕೂಸಿಗೆ ಬಳಸಲೇಬೇಡಿರಿ. ಕೂಸಿನ ಬಟ್ಟೆಯ ನಡುವೆ ಗುಳಿಗೆಯನ್ನು ಇಡಲೂಬೇಡಿರಿ. ಕಣ್ಣು, ಅಂಗಾಲು ಹಳದಿಯಾಗಿ, ಕೂಸು ಹಾಲು ಕುಡಿಯದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು ಮಲೆನಾಡಿನ ರೂಢಿ. ಅದರಲ್ಲಿ ತಪ್ಪಿಲ್ಲ, ಆದರೆ ಬಾಣಂತಿ, ಕೂಸುಗಳನ್ನು ಆ ಹೊಗೆಯಿಂದ ದೂರವಿಡಬೇಕು. ತೇವ ಉಳಿದ ಬಟ್ಟೆಗೆ ಇಸ್ತ್ರಿ ಹಾಕಿರಿ. ಒಗೆಯುವ ಭಾರವನ್ನು ಬಾಣಂತಿಯ ಮೇಲೆ ಹೊರಿಸದೆ ಗಂಡನೇ ವಹಿಸಿಕೊಳ್ಳುವುದು ಲೇಸು. ಹರಿಯುವ ತೊರೆ ಮನೆಯ ಬಳಿಯೇ ಇದ್ದರೂ ಮಲದ ಬಟ್ಟೆಯನ್ನು ಅದರಲ್ಲಿ ಜಾಲಿಸಬಾರದು. ಬಟ್ಟೆಯನ್ನು ಹೊಕ್ಕುಳಿಗಿಂತ ಕೆಳಗೆ, ಸಡಿಲವಾಗಿ ಕಟ್ಟಿರಿ.