ಸರಕಾರೀ ಪ್ರಕಟಣೆಗಳನ್ನು ಪುನಃ ಅಚ್ಚು ಹಾಕಿಸುವ ವಿಷಯ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಗ್ರಾಮ ಮುಖಂಡರೂ ಭೂಮಾಲಿಕರೂ ಸರಕಾರದ ಹಸ್ತಪತ್ರಿಕೆಗಳನ್ನು ಪುನಃ ಅಚ್ಚು ಹಾಕಿಸಿ ರೈತರಿಗೆ ಹಂಚುವುದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಅದಕ್ಕೆ ಮೊದಲು ಎರಡು ಸಂಗತಿಗಳನ್ನು ವಿಚಾರಿಸತಕ್ಕದ್ದು: ಅಚ್ಚು ಹಾಕಿಸಲು ನಮಗೆ ಹಕ್ಕುಂಟೋ? ಅದರಲ್ಲಿ ಹೇಳಿರುವುದು ಈಗಲೂ ಸತ್ಯವೋ?

ಸರಕಾರವು ಪ್ರಕಟಿಸಿದ್ದೆಲ್ಲವೂ ಸರ್ವರ ಸ್ವತ್ತೆಂಬುದು ತಪ್ಪು ತಿಳುವಳಿಕೆ. 1957ರ ಕೃತಿಸ್ವಾಮ್ಯದ ಕಾಯಿದೆಯ ಮೇರೆಗೆ, ಬೇರೆ ಕರಾರಿಲ್ಲದಿದ್ದರೆ, ಸರಕಾರೀ ಕೃತಿಯ ಸ್ವಾಮ್ಯವು ಸರಕಾರದ್ದೇ. ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷಗಳ ತನಕ ಅದು ಊರ್ಜಿತವಾಗಿರುವುದು. 1960ರಲ್ಲಿ ಹೊರಟ ಪುಸ್ತಕವು 2021ರ ಜನವರಿ 1ರಿಂದ ಮುಕ್ತವಾಯಿತು. 1894ರಲ್ಲಿ ಮದರಾಸು ಸರಕಾರವು ಪ್ರಕಟಿಸಿದ, ಸ್ಟರಕ್ ಸಾಹೇಬರ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯನ್ನು ಯಾರೂ ಅಚ್ಚು ಹಾಕಿಸಬಹುದು. ರಾಜ್ಯಪತ್ರದಲ್ಲಿ ಬಂದ ಪ್ರಕಟಣೆಗಳಿಗೂ ಅನುಮತಿ ಬೇಕಿಲ್ಲ. ಕಾಯಿದೆಗಳನ್ನು ಮಾತ್ರ ಟಿಪ್ಪಣಿ ಮೊದಲಾದ ಸ್ವಂತ ಬರಹದೊಡನೆ ಸೇರಿಸಿಯೇ ಮುದ್ರಿಸತಕ್ಕದ್ದು. ಸಂಶಯವಿದ್ದಲ್ಲಿ ಇಲಾಖೆಯ ಲಿಖಿತ ಅನುಮತಿ ಪಡೆಯುವುದು ಕ್ಷೇಮ. ಸ್ವಾಮ್ಯವಾದರೋ ಬರಹಕ್ಕೆ ಸಲ್ಲುವುದೇ ಹೊರತು ಸಂಗತಿಗಲ್ಲ. ಬಿತ್ತನೆಯ ಕಾಲವನ್ನೂ ಗೊಬ್ಬರದ ಪ್ರಮಾಣವನ್ನೂ ನಮ್ಮದೇ ಮಾತಿನಲ್ಲಿ ತಿಳಿಸಲು ಅಡ್ಡಿಯಿಲ್ಲ.

ಮುಕ್ತವಾದುದೆಲ್ಲವೂ ನಂಬತಕ್ಕದ್ದಲ್ಲ. ಪ್ರಕಟಣೆಯು ಹಳೆಯದಾದಷ್ಟೂ ಹಕ್ಕಿನ ತೊಡಕು ಕಡಿಮೆ, ಮೋಸ ಹೋಗುವ ಸಂಭವ ಹೆಚ್ಚು. ಹಿಂದೆ ಭತ್ತದ ಕೀಟಗಳಿಗೆ ಶಿಫಾರಸು ಮಾಡುತ್ತಿದ್ದ ಬಿ.ಎಚ್.ಸಿ. ಪುಡಿಯು 1997ರಲ್ಲಿ ನಿಷಿದ್ಧವಾಯಿತು. ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಿತು. ಅಂಥ ಹಾಳೆಯನ್ನು ಇಂದು ಹಂಚಿದರೆ, ಸರಕಾರದ ಮೊಹರನ್ನು ನಂಬಿದ ರೈತನು ವಿಷವನ್ನೇ ಹುಡುಕಿಕೊಂಡು ಹೋದಾನು. ಗೇಣಿಯ ವಿಷಯದಲ್ಲಿಯೂ ಹೀಗೆಯೇ: 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರಕಾರದ ವಶವಾದ ಮೇಲೆ, ಮೂಲಗೇಣಿ ಚಾಲಗೇಣಿಗಳ ಹಳೆಯ ವಿವರಣೆಗಳು ಚರಿತ್ರೆಗೆ ಮಾತ್ರ ಸಲ್ಲುವುವು.

ಅಂಕಿಗಳಲ್ಲಿಯೂ ಜಾಗ್ರತೆ ಬೇಕು. ಹಳೆಯ ಲೆಕ್ಕದ ಕುಂದಾಪುರ ತಾಲೂಕಿನಲ್ಲಿ ಬೈಂದೂರು ಸೇರಿತ್ತು; ಬ್ರಹ್ಮಾವರವು ಉಡುಪಿ ತಾಲೂಕಿನೊಳಗಿತ್ತು. ಇದನ್ನು ಗಮನಿಸದೆ ಇಂದಿನ ಅಂಕಿಯೊಡನೆ ಹೋಲಿಸಿ, ಕುಂದಾಪುರದಲ್ಲಿ ಬೇಸಾಯ ಕುಗ್ಗಿತೆನ್ನುವುದು ಸಲ್ಲದು. ಅಳತೆಯನ್ನೂ ನೋಡತಕ್ಕದ್ದು: 20 ಗುಂಟೆಯೆಂದರೆ 50 ಸೆಂಟ್ಸ್, 20 ಸೆಂಟ್ಸ್ ಅಲ್ಲ.

ಆದುದರಿಂದ ಯಾವ ಪ್ರಕಟಣೆಯಲ್ಲಾಗಲಿ ಮೊದಲು ವರ್ಷವನ್ನೂ ಹೊರಡಿಸಿದ ಇಲಾಖೆಯನ್ನೂ ನೋಡಿರಿ. ಔಷಧ, ಬೀಜ, ಗೊಬ್ಬರಗಳ ಮಾತಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಾಗಲಿ ವಿಚಾರಿಸಿರಿ. ಅಚ್ಚು ಹಾಕಿಸುವಾಗ ಮೂಲದ ಹೆಸರನ್ನೂ ವರ್ಷವನ್ನೂ ತಪ್ಪದೆ ನಮೂದಿಸಿರಿ. ಮುಂದೆ ಅದನ್ನು ಓದುವವರಿಗೂ ಪರೀಕ್ಷಿಸಿ ನೋಡಲು ಅನುಕೂಲವಾಗುವುದು.