ನಿದ್ದೆಯಿಂದ ನೀಗದ ದಣಿವು

ದುಡಿದು ದಣಿದವನು ಒಂದು ರಾತ್ರಿ ಚೆನ್ನಾಗಿ ನಿದ್ರಿಸಿದರೆ ಮರುದಿನ ಹಗುರಾಗುತ್ತಾನೆ. ಇದು ನಮ್ಮೆಲ್ಲರ ಅನುಭವ. ಆದರೆ ನಿದ್ದೆಯಿಂದ ನೀಗದ ದಣಿವೂ ಒಂದುಂಟು. ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂಬ ಈ ದೀರ್ಘ ಬೇನೆಯಲ್ಲಿ ಸ್ನಾನ, ಮಾತುಕತೆಯಂಥ ಅಲ್ಪ ಶ್ರಮವೂ ಒಂದೆರಡು ದಿನಗಳ ಮೇಲೆ ರೋಗಿಯನ್ನು ಹಾಸಿಗೆ ಹಿಡಿಸುವುದುಂಟು.

ಚಿಕಿತ್ಸೆಗೆ ಮೊದಲ ತೊಡಕೂ ಇದೇ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ರೋಗಿ ಆಸ್ಪತ್ರೆಗೆ ಬರುತ್ತಾನೆ. ವೈದ್ಯರು ಕಾಣುವುದು ನಡೆದು ಬಂದವನನ್ನೇ ಹೊರತು, ಮರುದಿನ ಏಳಲಾರದೆ ಮಲಗಿದವನನ್ನಲ್ಲ. ಸಾಮಾನ್ಯ ರಕ್ತಪರೀಕ್ಷೆಗಳಲ್ಲಿಯೂ ದೋಷ ಕಾಣದಿರಬಹುದು. ‘ಎಲ್ಲವೂ ಮನಸ್ಸಿನದು’ ಎಂದುಬಿಡಲು ಅಷ್ಟೇ ಸಾಕು.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಮಂದಿ ಸಿಬ್ಬಂದಿಗೆ ಇಂಥ ಕಾಯಿಲೆ ತಗುಲಿತು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಅದು ಸಾಮೂಹಿಕ ಉನ್ಮಾದವೆಂದು ವಾದಿಸಿದರು. ಆ ಸಂಶಯ ಬಹುಕಾಲ ಉಳಿಯಿತು. 2007ರ ಬ್ರಿಟಿಷ್ ಮಾರ್ಗಸೂಚಿ ಕ್ರಮಕ್ರಮವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಹೇಳಿತ್ತು. ಅದರಿಂದ ಬೇನೆ ಹೆಚ್ಚಿತೆಂದು ಅನೇಕರು ಮೊರೆಯಿಟ್ಟರು. 2021ರಲ್ಲಿ ಆ ಸಲಹೆಯನ್ನು ಕೈಬಿಡಲಾಯಿತು. ತೀವ್ರ ರೋಗಿಗಳನ್ನು ಮನೆಯಲ್ಲಿ ಅಥವಾ ಟೆಲಿಫೋನಿನಲ್ಲಿ ವಿಚಾರಿಸುವ ಏರ್ಪಾಡೂ ಸೂಚಿತವಾಯಿತು.

ಇದನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಮನೆಯವರು ಮಾಡಬಹುದಾದ ಒಂದು ಕೆಲಸವಿದೆ. ಯಾವ ದಿನ ಎಷ್ಟು ಶ್ರಮವಾಯಿತು, ಮುಂದಿನ ಎರಡು ಮೂರು ದಿನ ರೋಗಿ ಹೇಗಿದ್ದನು ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಅವರು ಕಾಣಲಾರದ ದಿನಗಳು ಆ ಹಾಳೆಯಲ್ಲಿ ಕಂಡಾವು.