ದವಡೆಯ ಮೂಳೆ ಅಳೆಯುವ ಮೊದಲು

ಹಲ್ಲು ಕಿತ್ತ ಜಾಗದಲ್ಲಿ ಒಸಡು ಮಾಗಿದರೆ ಎಲ್ಲ ಸರಿಯಾಯಿತೆಂದು ನಾವು ತಿಳಿಯುತ್ತೇವೆ. ಒಳಗಿನ ಸಂಗತಿ ಬೇರೆಯೇ. ಬೇರನ್ನು ಹಿಡಿದಿಡುವ ಕೆಲಸ ತಪ್ಪಿದ ಮೂಳೆ ಕರಗತೊಡಗುತ್ತದೆ. ಮೊದಲ ಒಂದು ವರ್ಷದಲ್ಲೇ ಅದರ ಅಗಲ ಅರ್ಧದಷ್ಟು ಕುಗ್ಗುವುದುಂಟು. ಹೆಚ್ಚಿನ ಭಾಗ ಹೋಗುವುದು ಮೊದಲ ಮೂರು ತಿಂಗಳಲ್ಲಿ. ಮಕ್ಕಳ ಫೀಸು, ಅತ್ತೆಯ ಔಷಧ ಎಂದು ತಮ್ಮ ಹಲ್ಲನ್ನು ವರ್ಷಗಟ್ಟಲೆ ಮುಂದೂಡಿದ ತಾಯಂದಿರು ಕೊನೆಗೆ ಇಂಪ್ಲಾಂಟ್ ಹಾಕಿಸಲು ಹೋದಾಗ "ಮೂಳೆ ಎಷ್ಟು ಉಳಿದಿದೆ ನೋಡಬೇಕು" ಎಂದು ವೈದ್ಯರು ಹೇಳುವುದು ಇದಕ್ಕೇ.

ಇಂಪ್ಲಾಂಟ್ ಎಂದರೆ ದವಡೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಇದನ್ನು ಅಳವಡಿಸಿದರು. ತಿರುಪು ಕೂರಲು ಮೂಳೆಗೆ ಎತ್ತರವೂ ಬೇಕು, ದಪ್ಪವೂ ಬೇಕು. ಕೆಳದವಡೆಯೊಳಗೆ ತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತಾಗುತ್ತದೆ. ಕೆಲವರಿಗೆ ಅದು ಮರಳಿ ಸರಿಯಾಗುವುದೇ ಇಲ್ಲ. ಆದ್ದರಿಂದ ನರಕ್ಕಿಂತ ಕನಿಷ್ಠ 2 ಮಿಲಿಮೀಟರ್ ಮೇಲೆಯೇ ತಿರುಪು ನಿಲ್ಲಬೇಕೆಂಬುದು ವೈದ್ಯರು ಪಾಲಿಸುವ ಕಟ್ಟಳೆ.

ಈಗ ಅಳತೆಯ ವಿಷಯಕ್ಕೆ ಬನ್ನಿ. ಬಾಯೊಳಗೆ ಇಟ್ಟು ತೆಗೆಯುವ ಚಿಕ್ಕ ಎಕ್ಸ್‌ರೇ ಒಂದೆರಡು ಹಲ್ಲಿನ ಜಾಗವನ್ನು ಸ್ಪಷ್ಟವಾಗಿ ತೋರಿಸುತ್ತದೆ, ಅಷ್ಟೇ. ನೀವು ನಿಂತಿರುವಾಗ ಯಂತ್ರ ತಲೆಯ ಸುತ್ತ ತಿರುಗಿ ತೆಗೆಯುವ ಉದ್ದನೆಯ ಚಿತ್ರವೇ ಒಪಿಜಿ. ಎರಡೂ ದವಡೆ, ಎಲ್ಲ ಹಲ್ಲು, ನರದ ದಾರಿ ಒಂದೇ ನೋಟಕ್ಕೆ ಸಿಗುತ್ತವೆ. ಮೊದಲ ಪರೀಕ್ಷೆಗೆ ಇದು ಬಹಳ ಉಪಯುಕ್ತ. ಆದರೆ ಒಪಿಜಿ ಚಿತ್ರವನ್ನು ಸಾಮಾನ್ಯವಾಗಿ ಶೇಕಡಾ 20ರಿಂದ 30ರಷ್ಟು ಹಿಗ್ಗಿಸುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ.

ಲೆಕ್ಕ ಹಾಕಿ ನೋಡಿ. ನರದ ಮೇಲೆ ನಿಜವಾಗಿ ಇರುವ ಮೂಳೆ 10 ಮಿಲಿಮೀಟರ್. ಶೇಕಡಾ 25 ಹಿಗ್ಗಿದರೆ ಚಿತ್ರದಲ್ಲಿ ಹನ್ನೆರಡೂವರೆ ಕಾಣುತ್ತದೆ. ಅದನ್ನೇ ನಂಬಿ 2 ಮಿಲಿಮೀಟರ್ ಬಿಟ್ಟು ಹತ್ತೂವರೆ ಎಂದು ಎಣಿಸಿದರೆ ತಿರುಪು ನರದೊಳಗೇ ಇಳಿಯುತ್ತದೆ. ಇದನ್ನು ತಪ್ಪಿಸಲು, ಅಳತೆ ಗೊತ್ತಿರುವ ಚಿಕ್ಕ ಲೋಹದ ಗುಂಡನ್ನು ಬಾಯಲ್ಲಿಟ್ಟು ಚಿತ್ರ ತೆಗೆದು ಹಿಗ್ಗಿದ ಪ್ರಮಾಣ ಕಂಡುಹಿಡಿಯುತ್ತಾರೆ. ಡಿಜಿಟಲ್ ಯಂತ್ರಗಳು ತಾವೇ ಸರಾಸರಿ ಕಳೆದು ತೋರಿಸುವುದುಂಟು. ಆದರೆ ತಲೆ ಸ್ವಲ್ಪ ಓರೆಯಾದರೂ ಆ ಸರಾಸರಿ ಕೈಕೊಡುತ್ತದೆ.

ಹಿಗ್ಗುವಿಕೆಯನ್ನಾದರೂ ಸರಿಪಡಿಸಬಹುದು. ದಪ್ಪವನ್ನು ಮಾತ್ರ ಒಪಿಜಿ ಹೇಳಲಾರದು. ಗೋಡೆಯ ಫೋಟೋವನ್ನು ಎದುರಿನಿಂದ ತೆಗೆದರೆ ಅದು ಒಂದು ಇಟ್ಟಿಗೆಯದೋ ಎರಡು ಇಟ್ಟಿಗೆಯದೋ ಗೊತ್ತಾಗುತ್ತದೆಯೇ? ಕೆಳದವಡೆಯ ಹಿಂಭಾಗದಲ್ಲಿ ನಾಲಗೆಯ ಕಡೆಗೆ ಒಂದು ತಗ್ಗು ಇರುತ್ತದೆ. ಅದನ್ನು ಕಾಣದೆ ಕೊರೆದರೆ ತುದಿ ಮೂಳೆಯ ಆಚೆಗೆ ಹೋಗಬಹುದು, ಅಲ್ಲಿ ರಕ್ತನಾಳಗಳಿವೆ. ಮರಗಟ್ಟಿಸಿ ಒಸಡಿಗೆ ಚುಚ್ಚಿ ದಪ್ಪ ಅಳೆಯುವ ಹಳೆಯ ಕ್ರಮವೊಂದಿದೆ. ಆದರೆ ಆಳದಲ್ಲಿರುವ ಇಂಥ ತಗ್ಗು ಅದಕ್ಕೆ ಸಿಗುವುದಿಲ್ಲ.

ಸಿಬಿಸಿಟಿ ಬಂದದ್ದು 1990ರ ದಶಕದ ಕೊನೆಯಲ್ಲಿ. ಇದು ದವಡೆಯನ್ನು ಬ್ರೆಡ್ಡಿನ ಹೋಳುಗಳಂತೆ ಅಡ್ಡಲಾಗಿ ಕತ್ತರಿಸಿ ತೋರಿಸುತ್ತದೆ. ಎತ್ತರ, ದಪ್ಪ, ನರದ ಜಾಗ ಎಲ್ಲವೂ ಬಹುಪಾಲು ನಿಜದ ಅಳತೆಯಲ್ಲೇ ಸಿಗುತ್ತವೆ. ಅಮೆರಿಕದ ಬಾಯಿ ಮತ್ತು ದವಡೆ ವಿಕಿರಣ ತಜ್ಞರ ಸಂಸ್ಥೆ 2012ರಲ್ಲಿ, ಇಂಪ್ಲಾಂಟ್ ಜಾಗಕ್ಕೆ ಅಡ್ಡಸೀಳಿನ ಚಿತ್ರ ಬೇಕು, ಅದಕ್ಕೆ ಸಿಬಿಸಿಟಿಯೇ ಮೇಲು ಎಂದು ಸಲಹೆ ನೀಡಿತು. ಅಲ್ಲಾಡಿದರೆ ಇದೂ ಮಸುಕಾಗುತ್ತದೆ. ಪಕ್ಕದ ಹಲ್ಲಿಗೆ ಲೋಹದ ಟೋಪಿ ಇದ್ದರೆ ಗೆರೆಗಳು ಬೀಳುತ್ತವೆ. ಮೂಳೆ ಎಷ್ಟು ಗಟ್ಟಿ ಎಂಬುದನ್ನೂ ಇದು ನಂಬುವ ಹಾಗೆ ಹೇಳುವುದಿಲ್ಲ.

ವಿಕಿರಣದ ಭಯ ಸಹಜ. ಚಿಕ್ಕ ಎಕ್ಸ್‌ರೇಯಲ್ಲಿ ಅದು ಅತ್ಯಲ್ಪ, ಒಪಿಜಿಯಲ್ಲಿ ತುಸು ಹೆಚ್ಚು, ಸಿಬಿಸಿಟಿಯಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು. ಆದ್ದರಿಂದ ಒಂದು ಹಲ್ಲಿಗಾಗಿ ಇಡೀ ತಲೆಯ ಸ್ಕ್ಯಾನ್ ಏಕೆ, ಆ ಭಾಗದ್ದು ಮಾತ್ರ ಸಾಲದೇ ಎಂದು ಸಂಕೋಚವಿಲ್ಲದೆ ಕೇಳಿ. ಬರಿಯ ಹುಳುಕು ತುಂಬಿಸಲು ಸಿಬಿಸಿಟಿ ಬರೆದುಕೊಟ್ಟರೂ ಕಾರಣ ಕೇಳಿ. ಗರ್ಭಿಣಿಯಾಗಿದ್ದರೆ ಅಥವಾ ಅನುಮಾನವಿದ್ದರೆ ಮೊದಲೇ ತಿಳಿಸಿ.

ಸ್ಕ್ಯಾನಿಗೆ ಹೋಗುವಾಗ ಓಲೆ, ಮೂಗುಬೊಟ್ಟು, ಸರ ತೆಗೆದಿಡಿ. ಶಿರವಸ್ತ್ರಕ್ಕೆ ಲೋಹದ ಪಿನ್ನು ಬೇಡ. ಪಿನ್ನಿಲ್ಲದೆ ಸುತ್ತಿಕೊಂಡ ತೆಳು ಬಟ್ಟೆ ಚಿತ್ರಕ್ಕೆ ಅಡ್ಡಿಯಾಗುವುದಿಲ್ಲ, ಆದರೂ ಟೆಕ್ನಿಷಿಯನ್‌ರನ್ನು ಮೊದಲೇ ಕೇಳಿಕೊಳ್ಳಿ. ಬರುವಾಗ ಮುದ್ರಿತ ಹಾಳೆಯಷ್ಟೇ ಅಲ್ಲ, ಸಿಡಿ ಅಥವಾ ಫೈಲನ್ನೂ ಕೇಳಿ ಪಡೆಯಿರಿ. ಹೋಳುಗಳನ್ನು ಒಂದೊಂದಾಗಿ ಸರಿಸಿ ನೋಡಲು ಸಾಧ್ಯವಾಗುವುದು ಅದರಲ್ಲಿ ಮಾತ್ರ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಾದಾಗ ಮತ್ತೆ ಯಂತ್ರದ ಮುಂದೆ ನಿಲ್ಲುವ ಪ್ರಸಂಗವೂ ಬರುವುದಿಲ್ಲ.